ಗಡಿಯಾಚೆಯ ಮಗ್ಗಗಳು

ರಾಜ್ಯಗಳ ಗಡಿಗಳನ್ನು ಹೊಸದಾಗಿ ಎಳೆದ ಆ ನವೆಂಬರಿನಲ್ಲಿ ಮೈಸೂರಿನ ಬೀದಿಗಳಲ್ಲಿ ತೋರಣ ಕಟ್ಟಿದ್ದರು. ಶಿವರಾಂಪೇಟೆಯಲ್ಲಿದ್ದ ನಮ್ಮ ನೇಕಾರರ ಸಹಕಾರ ಸಂಘದ ಅಂಗಡಿಯ ಬಾಗಿಲಿಗೂ ಮಾವಿನೆಲೆ ಬಂದಿತ್ತು. ಸಂಘದ ಅಧ್ಯಕ್ಷರು ಬಂದವರಿಗೆಲ್ಲ ಬೂಂದಿ ಹಂಚುತ್ತಿದ್ದರು. ನಾನು ಒಳಕೋಣೆಯಲ್ಲಿ ಕೂತು, ಪತ್ರಿಕೆಯಲ್ಲಿ ಬಂದಿದ್ದ ನಕ್ಷೆಯ ತೆಂಕಣ ಮೂಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದೆ. ಕೊಳ್ಳೇಗಾಲ ನಮ್ಮ ಕಡೆಗೆ ಬಂದಿತ್ತು. ಚಾಮರಾಜನಗರ ದಾಟಿದರೆ ಸಿಗುವ ತಾಳವಾಡಿ ಕಡೆಯ ಹಳ್ಳಿಗಳು ಬಂದಿರಲಿಲ್ಲ. ಅವು ಮದ್ರಾಸಿನಲ್ಲೇ ಉಳಿದಿದ್ದವು. ಆ ಹಳ್ಳಿಗಳಲ್ಲೊಂದರಲ್ಲಿ ನಮ್ಮ ಸಂಘದ ಅಗಲ ಮಗ್ಗಗಳೆಲ್ಲ ಇದ್ದವು.

ನಾನು ಆ ಸಂಘದ ಕಾರ್ಯದರ್ಶಿ. ಆಗ ಇಪ್ಪತ್ತೈದು ದಾಟಿರಲಿಲ್ಲ. ನಮ್ಮಪ್ಪ ಅರಮನೆಯ ಒಂದು ಕಛೇರಿಯಲ್ಲಿ ಗುಮಾಸ್ತರಾಗಿದ್ದವರು. ಸಂಸ್ಥಾನ ಹೋಗಿ ಸರ್ಕಾರ ಬಂದ ಮೇಲೆ ಅಲ್ಲಿನ ಕಛೇರಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಾಗ ಅವರೂ ಮನೆಗೆ ಬಂದರು. ನಾನು ಬಿ.ಎ. ಮುಗಿಸಿದ್ದೆ. ಇಲಾಖೆಗಳಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವವರು ಬೇಕೆಂದು ನೇಕಾರರು ಹುಡುಕುತ್ತಿದ್ದಾರೆಂದು ತಿಳಿದು, ನೆಂಟರ ಮಾತಿಗೆ ಕಿವಿಗೊಡದೆ ಹೋಗಿ ಸೇರಿಕೊಂಡೆ. ಸಂಬಳ ಕಡಮೆ, ಕೆಲಸ ಜಾಸ್ತಿ. ಆದರೆ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ನನಗೆ ಇಷ್ಟವಾಗಿತ್ತು.

ಯುದ್ಧ ಮುಗಿದ ಮೇಲೂ ನೂಲಿಗೆ ಕಂಟ್ರೋಲು ಇದ್ದ ಕಾಲದಲ್ಲಿ ಹುಟ್ಟಿದ ಸಂಘ ಅದು. ಒಬ್ಬೊಬ್ಬನೇ ಹೋಗಿ ಕೇಳಿದರೆ ನೂಲು ಸಿಗುತ್ತಿರಲಿಲ್ಲ, ಸಂಘವಾಗಿ ಕೇಳಿದರೆ ಸಿಗುತ್ತಿತ್ತು. ಊರಿನ ನೇಕಾರರು ಸೀರೆ ಪಂಚೆಗಳನ್ನು ನೇಯುತ್ತಿದ್ದರು. ಗಡಿಯಾಚೆಯ ಆ ಹಳ್ಳಿಯವರು ಇವರಿಗೆ ನೆಂಟರೇ, ಮಾತೂ ಕನ್ನಡವೇ. ಹೊದಿಕೆ, ಹಾಸಿಗೆಬಟ್ಟೆಗಳನ್ನು ನೇಯುವ ಅಗಲ ಮಗ್ಗಗಳು ಅವರಲ್ಲಿದ್ದವು. ಅವರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡಿದ್ದರು. ಅದು ಬೇರೆ ಪ್ರಾಂತ್ಯವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ಭಾಷೆಯ ಮೇಲೆ ರಾಜ್ಯ ಮಾಡುತ್ತಾರಂತೆ, ಇವತ್ತಲ್ಲ ನಾಳೆ ಎಲ್ಲ ಒಂದೇ ಆಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರಂತೆ. ನಾನು ಸೇರುವುದಕ್ಕೆ ಮುಂಚಿನ ಮಾತು. ಸಂಘದ ಬೈಲಾದಲ್ಲಿ ಕಾರ್ಯವ್ಯಾಪ್ತಿ ಎಂಬ ಕಡೆ 'ಮೈಸೂರು ನಗರ ಮತ್ತು ಸುತ್ತಲ ಗ್ರಾಮಗಳು' ಎಂದಿತ್ತು. ಆ 'ಸುತ್ತಲ' ಎಂಬ ಪದದೊಳಗೆ ಒಂದು ಇಡೀ ಹಳ್ಳಿಯನ್ನು ತೂರಿಸಿಬಿಟ್ಟಿದ್ದರು.

ಬೂಂದಿ ಹಂಚಿದ ಮಾರನೆಯ ವಾರ ಆ ಹಳ್ಳಿಯಿಂದ ನಮ್ಮ ಸದಸ್ಯೆಯೊಬ್ಬರು ಬಂದರು. ಗಂಡ ತೀರಿಹೋದ ಮೇಲೆ ಮಗ್ಗದ ಗುಂಡಿಗೆ ತಾವೇ ಇಳಿದು ಕೂತು ನೇಯ್ದವರು. ಆ ಹಳ್ಳಿಯ ಪರವಾಗಿ ನೂಲು ಒಯ್ಯುವುದು, ಬಟ್ಟೆ ತರುವುದು ಅವರ ಪಾಲಿಗಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅವ್ವ ಎನ್ನುತ್ತಿದ್ದರು. ಗಂಟು ಇಳಿಸಿ, ನೀರು ಕುಡಿದು, ಅಧ್ಯಕ್ಷರ ಮುಖ ನೋಡದೆ ನನ್ನನ್ನೇ ಕೇಳಿದರು.

"ಅಂಗಾರೆ ನಮ್ಮನ್ನ ಆ ಕಡೀಕೇ ಬುಟ್ಬುಟ್ರಾ ಅವ್ವಾ?"

"ನಾವು ಬಿಟ್ಟಿಲ್ಲ ಅಕ್ಕ. ದಿಲ್ಲಿಯಲ್ಲಿ ಮಾಡಿದ್ದು."

"ದಿಲ್ಲಿಯೋರು ನಮ್ಮೂರ ಯಾವತ್ತು ನೋಡವ್ರೆ?"

ಅಧ್ಯಕ್ಷರೇ ಅಂದರು, "ರಾಜ್ಯ ಬೇರೆ ಆದ್ರೆ ಏನಂತೆ ಕಣಮ್ಮ, ಸಂಘ ಒಂದೇ ತಾನೆ? ನೀನು ನೂಲು ತಗೊಂಡು ಹೋಗು." ಅವರು ಅರವತ್ತು ದಾಟಿದ ಸೀರೆ ನೇಕಾರರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದವರು. ಧೈರ್ಯ ಹೇಳಿದರು, ಆದರೆ ಅಕ್ಕ ಹೋದ ಮೇಲೆ ನನ್ನ ಕೋಣೆಗೆ ಬಂದು ದನಿ ತಗ್ಗಿಸಿ, "ಏನೂ ಆಗಲ್ಲ ಅಲ್ವೇ ತಾಯಿ?" ಎಂದು ಕೇಳಿದರು.

ಆಯಿತು. ಸಹಕಾರ ಇಲಾಖೆಯಿಂದ ನೋಟೀಸು ಬಂತು. ಸಂಘವು ಮೈಸೂರು ರಾಜ್ಯದ ಕಾನೂನಿನಡಿ ನೋಂದಾಯಿತವಾದದ್ದು. ಅದರ ಸದಸ್ಯರಲ್ಲಿ ಹಲವರು ಬೇರೆ ರಾಜ್ಯದ ನಿವಾಸಿಗಳೆಂದು ತಿಳಿದುಬಂದಿದೆ. ಅವರನ್ನು ಏಕೆ ತೆಗೆದುಹಾಕಬಾರದು, ತೆಗೆಯದಿದ್ದರೆ ನೋಂದಣಿಯನ್ನು ಏಕೆ ರದ್ದುಮಾಡಬಾರದು ಎಂಬುದಕ್ಕೆ ವಿವರಣೆ ಕೊಡಿ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಜೀವಮಾನವೆಲ್ಲ ಸರ್ಕಾರಿ ಕಾಗದಗಳ ನಡುವೆ ಕಳೆದವರಾದ್ದರಿಂದ ಅವರಿಗೆ ಅವುಗಳ ಭಯ ನನಗಿಂತ ಹೆಚ್ಚು.

"ತೆಗೆದುಹಾಕಿಬಿಡಿ ಅಂತ ಹೇಳಿಬಿಡು. ಇಲ್ಲದಿದ್ರೆ ಸಂಘಾನೂ ಹೋಗುತ್ತೆ, ನಿನ್ನ ಹೆಸರೂ ಕೆಡುತ್ತೆ. ಕಾರ್ಯದರ್ಶಿ ಅಂತ ರುಜು ಹಾಕಿರೋಳು ನೀನು ತಾನೆ?"

ಅಮ್ಮ ಅಡುಗೆಮನೆಯಿಂದಲೇ, "ಮದುವೆಗೆ ಬಂದಿರೋ ಹುಡುಗೀನ ಕೋರ್ಟು ಕಛೇರಿ ಅಲೆಸ್ತಾರಾ ಹಾಗಾದ್ರೆ?" ಎಂದರು. ಆವತ್ತು ಊಟ ಇಳಿಯಲಿಲ್ಲ. ಅಲ್ಲಿಂದ ಮುಂದೆ ಸುಮಾರು ಒಂದು ವರ್ಷ, ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಇಲಾಖೆಯ ಕಛೇರಿಗೆ ಅಧ್ಯಕ್ಷರೂ ನಾನೂ ಹೋದೆವು. ಅಧಿಕಾರಿ ಕೆಟ್ಟವರಲ್ಲ, ದಣಿದವರು. ಹೊಸ ರಾಜ್ಯ ಹುಟ್ಟಿದ್ದರಿಂದ ಅವರ ಮೇಜಿನ ಮೇಲೆ ಮುಂಬಯಿಯ ಕಾನೂನು, ಹೈದರಾಬಾದಿನ ಕಾನೂನು, ಕೊಡಗಿನ ಕಾನೂನು ಎಲ್ಲ ಬಂದು ಬಿದ್ದಿದ್ದವು. ಒಂದೊಂದು ಸೀಮೆಯ ಸಂಘಗಳಿಗೆ ಒಂದೊಂದು ಕಾನೂನು.

"ನೋಡಿಯಮ್ಮ, ನಾಳೆ ಆ ಹಳ್ಳಿಯಲ್ಲಿ ಯಾರಾದ್ರೂ ಮೋಸ ಮಾಡಿದ್ರೆ ನಾನು ಅಲ್ಲಿಗೆ ಹೋಗಿ ವಿಚಾರಣೆ ಮಾಡೋ ಹಾಗಿಲ್ಲ. ಆ ಕಡೆ ಅಧಿಕಾರಿಗೆ ನಿಮ್ಮ ಸಂಘ ಗೊತ್ತೇ ಇಲ್ಲ. ಯಾರ ಕೈಗೂ ಸಿಗದ ಸದಸ್ಯರನ್ನ ಇಟ್ಕೊಂಡು ಹೇಗೆ ನಡೆಸ್ತೀರಿ?"

"ಹೀಗೇ ಎರಡು ಕಡೆ ಹರಡಿರೋ ಸಂಘಗಳು ಬೇರೆ ಇಲ್ವೇ ಸಾರ್? ಅವಕ್ಕೆ ಏನು ಮಾಡ್ತಾರೆ?" ಎಂದೆ.

ಅವರು, ಒಂದು ಕೇಂದ್ರದ ಕಾನೂನು ಇದೆ ಎಂದರು. ಬ್ರಿಟಿಷರ ಕಾಲದ್ದು, ಒಂದಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಕೆಲಸ ಮಾಡುವ ಸಹಕಾರ ಸಂಘಗಳಿಗಾಗಿಯೇ ಮಾಡಿದ್ದು. ಅದರ ಕೆಳಗೆ ಬಂದರೆ ಒಂದು ಕಡೆ ನೋಂದಾಯಿಸಿದ ಸಂಘವನ್ನು ಇನ್ನೊಂದು ಕಡೆಯೂ ನೋಂದಾಯಿಸಿದ ಹಾಗೆಯೇ ಎಣಿಸಬೇಕು. ಆದರೆ ದೊಡ್ಡ ದೊಡ್ಡ ಬ್ಯಾಂಕುಗಳು ಅದನ್ನು ಬಳಸಿರಬಹುದು, ಮಗ್ಗದವರು ಬಳಸಿದ್ದನ್ನು ತಾವು ಕಂಡಿಲ್ಲ. ಸರ್ವಸದಸ್ಯರ ಸಭೆ ಕರೆದು ಬೈಲಾ ತಿದ್ದಬೇಕು. ಆ ಕಡೆಯ ಇಲಾಖೆ ತನ್ನ ಆಕ್ಷೇಪಣೆ ಇಲ್ಲವೆಂದು ಬರೆದುಕೊಡಬೇಕು. "ಅದಕ್ಕಿಂತ ಅವರನ್ನ ಬಿಟ್ಟುಬಿಡೋದು ಸುಲಭ," ಎಂದು ಮುಗಿಸಿದರು.

ಹೊರಗೆ ಬಂದಾಗ ಅಧ್ಯಕ್ಷರು ಮೆಟ್ಟಿಲ ಮೇಲೇ ಕೂತುಬಿಟ್ಟರು. "ಸುಲಭ ಅಂತಾರೆ. ಆಸ್ಪತ್ರೆಗೆ ಹಾಸಿಗೆಬಟ್ಟೆ ಒಪ್ಪಿಕೊಂಡಿದ್ದೀವಲ್ಲ, ಅದನ್ನ ಯಾರು ನೇಯ್ತಾರೆ? ನನ್ನ ಸೀರೆ ಮಗ್ಗದಲ್ಲಿ ನೇಯ್ದು ಎರಡೆರಡು ಸೇರಿಸಿ ಹೊಲೀಲಾ?" ಎಂದರು. ನಾನು ನಗಲಿಲ್ಲ. ಅವರೂ ನಗಿಸುವುದಕ್ಕೆ ಹೇಳಿರಲಿಲ್ಲ.

ನಾವು ಸಭೆಗೆ ದಿನ ಗೊತ್ತುಮಾಡುವಷ್ಟರಲ್ಲಿ ಇನ್ನೊಂದು ಆಯಿತು. ಒಂದು ಬೆಳಗ್ಗೆ ಅಂಗಡಿಗೆ ಬಂದ ಬಸ್ ಕಂಡಕ್ಟರು, ನಿಮ್ಮ ಹೆಂಗಸನ್ನು ಗಡಿಯ ಚೌಕಿಯಲ್ಲಿ ಇಳಿಸಿಕೊಂಡಿದ್ದಾರೆ ಎಂದು ಹೇಳಿಹೋದ. ಅಕ್ಕ ಹಿಂದಿನ ದಿನ ಮೈಸೂರಿನಲ್ಲಿ ಬಣ್ಣ ಹಾಕಿ, ಸುತ್ತಿ ಸಿದ್ಧಮಾಡಿದ ಹಾಸುಗಳನ್ನು ತೆಗೆದುಕೊಂಡು ಹೊರಟಿದ್ದರು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಕಟ್ಟುವ ಎಳೆಗಳು. ಅವು ಒಂದಕ್ಕೊಂದು ಸಿಕ್ಕಾಗದ ಹಾಗೆ ಸುತ್ತುವುದೇ ಒಂದು ದಿನದ ಕೆಲಸ.

ಅಧ್ಯಕ್ಷರೂ ನಾನೂ ನಂಜನಗೂಡು ದಾಟಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕೆಟ್ಟ ಕೆಟ್ಟ ಯೋಚನೆಗಳು. ಲಾಕಪ್ಪಿಗೆ ಹಾಕಿದ್ದರೆ? ಕೈ ಮಾಡಿದ್ದರೆ? ಒಬ್ಬಂಟಿ ಹೆಂಗಸು. ಚೌಕಿ ಎಂದರೆ ರಸ್ತೆಗೆ ಅಡ್ಡ ಹಾಕಿದ ಒಂದು ಮರದ ತೊಲೆ, ಪಕ್ಕದಲ್ಲಿ ಜಿಂಕ್ ಶೀಟಿನ ಗುಡಿಸಲು. ಅಕ್ಕ ಅದರ ಮುಂದೆ ಹುಣಸೆಮರದ ಬುಡದಲ್ಲಿ ಗಂಟುಗಳ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ರಾತ್ರಿ ಪಕ್ಕದ ಹಟ್ಟಿಯವರು ಕರೆದುಕೊಂಡುಹೋಗಿ ಮಲಗಿಸಿಕೊಂಡಿದ್ದರಂತೆ. ಬೆಳಗಾದ ಕೂಡಲೇ ಮತ್ತೆ ಬಂದು ಕೂತಿದ್ದರು. ನಮ್ಮನ್ನು ಕಂಡು ಎದ್ದರು, ಒಂದು ಗಂಟನ್ನು ಬಿಚ್ಚಿ ತೋರಿಸಿದರು. ಆ ಕಡೆ ಪಾನನಿಷೇಧ ಇದ್ದದ್ದರಿಂದ ಹೆಂಡದ ಬಾಟ್ಲಿ ಇದೆಯೇ ಎಂದು ಕಬ್ಬಿಣದ ಸಲಾಕೆ ಚುಚ್ಚಿ ನೋಡಿದ್ದರು. ಹಾಸಿನ ನಡುವೆ ತೂತು. ಕಡಿದ ಎಳೆಗಳು ಕೂದಲಿನ ಹಾಗೆ ಎದ್ದು ನಿಂತಿದ್ದವು.

ಅಧ್ಯಕ್ಷರು ಅದರ ಮೇಲೆ ಬೆರಳಾಡಿಸಿದರು.

ಚೌಕಿಯ ಜವಾನ ತಮಿಳಿನಲ್ಲೂ ಅರೆಬರೆ ಕನ್ನಡದಲ್ಲೂ ಹೇಳಿದ್ದು ಇಷ್ಟು: ಕಾಗದದಲ್ಲಿ ಮೈಸೂರಿನ ಸಂಘದ ಸರಕು ಎಂದಿದೆ, ಈಕೆ ಇರುವುದು ಈ ಕಡೆ. ಮೈಸೂರಿನ ಸಂಘದ ಸರಕು ಈಕೆಯ ಮನೆಗೆ ಯಾಕೆ ಹೋಗಬೇಕು? ಮಾರುವುದಕ್ಕಾದರೆ ತೆರಿಗೆ ಕಟ್ಟಲಿ. ಸದಸ್ಯೆ ಎನ್ನುತ್ತಾಳೆ, ಈ ಕಡೆಯಲ್ಲಿ ಅಂಥ ಸಂಘವೇ ಇಲ್ಲವಲ್ಲ.

ನಮ್ಮ ಅಧಿಕಾರಿ ಮೇಜಿನ ಹಿಂದೆ ಕೂತು ಹೇಳಿದ್ದನ್ನೇ ಇವನು ತೊಲೆಯ ಪಕ್ಕ ನಿಂತು ಹೇಳುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ. ಸಂಜೆಯೊಳಗೆ ಮೇಲಿನವನೊಬ್ಬ ಸೈಕಲ್ಲಿನಲ್ಲಿ ಬಂದ. ಇದು ಮಾರುವ ಸರಕಲ್ಲವೆಂದು ನನ್ನಿಂದ ಇಂಗ್ಲಿಷಿನಲ್ಲಿ ಒಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಕೊಟ್ಟ. ಹೊರಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡರು.

"ನಮ್ಮೂರ ಕೂಲಿಮಗ್ಗದ ಸಾವುಕಾರ ನೆನ್ನೆಯೇ ಇಲ್ಲಿ ಬಂದೋಗವ್ನೆ ಅವ್ವಾ. ಮೈಸೂರೋರು ಇನ್ನೆಷ್ಟು ದಿನ ನೂಲು ಕೊಟ್ಟಾರು, ನನ್ನ ಮಗ್ಗಕ್ಕೇ ಬಾ ಅಂತವ್ನೆ. ಅವನ ಜಗಲೀಲಿ ನೇಯ್ದು ನೇಯ್ದೇ ನನ್ನ ಗಂಡ ಸತ್ತಿದ್ದು. ನಾ ಮತ್ತೆ ಅಲ್ಲಿಗೋಗಿ ಕೂರಾಕಿಲ್ಲ ಕಣವ್ವ."

ಸರ್ವಸದಸ್ಯರ ಸಭೆ ಬನ್ನಿಮಂಟಪದ ಹತ್ತಿರವಿದ್ದ ನಮ್ಮ ನೂಲಿನ ಗೋದಾಮಿನಲ್ಲಿ ಸೇರಿತು. ಗಡಿಯಾಚೆಯವರಲ್ಲಿ ಕೆಲವರೇ ಬಂದಿದ್ದರು, ಉಳಿದವರಿಗೆ ಚೌಕಿಯ ಹೆದರಿಕೆ. ಹಾಗಾಗಿ ತೀರ್ಮಾನ ಊರಿನವರ ಕೈಯಲ್ಲಿತ್ತು. ನಾನು ಬೈಲಾ ತಿದ್ದುಪಡಿಯನ್ನು ಓದಿದೆ. ಪ್ರತಿ ವಾಕ್ಯಕ್ಕೂ ನಿಂತು ನಿಂತು ಓದಿದೆ. ಓದು ಮುಗಿದದ್ದೇ ಒಬ್ಬ ಸದಸ್ಯ ಎದ್ದ. ಒಳ್ಳೆಯ ನೇಕಾರ, ಮಾತು ಜೋರು.

"ಈಗ ಒಂದು ಸರ್ಕಾರಕ್ಕೆ ಉತ್ತರ ಹೇಳಿ ಸಾಕಾಗೈತೆ. ಇನ್ನು ಎರಡೆರಡು ಸರ್ಕಾರ, ಮೇಲೆ ದಿಲ್ಲಿ. ಅಲ್ಲಿ ಯಾವನೋ ತಪ್ಪು ಮಾಡಿದ್ರೆ ನಮ್ಮ ಸಂಘದ ಬಾಗಿಲು ಹಾಕಿಸ್ತಾರೆ. ಅವ್ರು ಅಲ್ಲೇ ಒಂದು ಸಂಘ ಮಾಡ್ಕೊಳ್ಳಲಿ, ನಾವು ಬೇಡ ಅಂತೀವಾ?"

ಹಲವರು ಹೌದೆಂದರು. ನನಗೆ ಒಳಗೊಳಗೇ ಅವನ ಮಾತು ಸರಿ ಎನಿಸಿತು. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ನಾನು ಓದಿದ ಕಾನೂನಿನಲ್ಲಿ ಇದೆಲ್ಲಕ್ಕೂ ಭರವಸೆ ಎಲ್ಲಿತ್ತು? ಎರಡು ಕಡೆಯೂ ನೋಂದಾಯಿಸಿದ ಹಾಗೆ ಎಣಿಸಬೇಕು ಎಂದಿತ್ತು. ಎಣಿಸದಿದ್ದರೆ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಅಕ್ಕ ಎದ್ದರು. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಆ ಸದಸ್ಯನನ್ನೇ ನೋಡುತ್ತ ಹೇಳಿದರು.

"ಅಲ್ಲಿ ಸಂಗ ಮಾಡ್ಬೋದು ಅಣ್ಣಾ. ಮಾಡಿದ್ರೆ ನೂಲು ಎಲ್ಲಿಂದ ತರಾನ? ಬಣ್ಣ ಹಾಕೋರು ಯಾರವ್ರೆ? ನಮ್ಮ ಹೊದ್ದಿಗೆ ಎಲ್ಲಿ ಮಾರಾನ? ನೀವು ಸೀರೆ ನೇಯ್ತೀರಿ, ದಸರಾ ಮುಗೀತು ಅಂದ್ರೆ ಸೀರೆ ಯಾರೂ ಕೇಳಕ್ಕಿಲ್ಲ. ಆಗ ಅಂಗಡಿ ಬಾಗ್ಲು ತೆಗ್ಯಾದು ನಮ್ಮ ಹೊದ್ದಿಗೆಯಿಂದ್ಲೇ ಅಲ್ವಾ? ನಮ್ಮನ್ನ ಇಟ್ಕೊಳ್ಳಿ ಅಂತ ನಾನು ಬೇಡಾಕೆ ಬಂದಿಲ್ಲ. ಬುಡಾದಾದ್ರೆ ಇವತ್ತೇ ಬುಟ್ಬುಡಿ, ಆಮೇಲೆ ಅರ್ಧಕ್ಕೆ ಕೈ ಬುಡ್ಬೇಡಿ."

ಗೋದಾಮಿನಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ಮೇಜು ತಟ್ಟಿ, ಕೈ ಎತ್ತಿ ಎಂದರು. ಎದ್ದ ಕೈಗಳು ನಾನು ಹೆದರಿದ್ದಕ್ಕಿಂತ ಹೆಚ್ಚಾಗಿದ್ದವು, ಆದರೆ ನಿಶ್ಚಿಂತೆಯಾಗುವಷ್ಟಲ್ಲ. ಎಣಿಸಿ, ಇನ್ನೊಮ್ಮೆ ಎಣಿಸಿ, ತಿದ್ದುಪಡಿ ಅಂಗೀಕಾರವಾಯಿತೆಂದು ಬರೆದೆ. ಜೋರು ಮಾತಿನ ಸದಸ್ಯ ಕೈ ಎತ್ತಲಿಲ್ಲ. ಎದ್ದು ಹೋಗಲೂ ಇಲ್ಲ.

ಆಮೇಲಿನದು ಕೊಯಮತ್ತೂರು. ಆ ಕಡೆಯ ಇಲಾಖೆಯ ಒಪ್ಪಿಗೆ ಅಲ್ಲಿಂದ ಬರಬೇಕಿತ್ತು. ಮದುವೆಯಾಗದ ಹೆಣ್ಣುಮಗಳು ಪರಊರಿಗೆ ಹೋಗುವುದೇ ಎಂದು ಮನೆಯಲ್ಲಿ ಎರಡು ದಿನ ಮಾತಾಯಿತು. ಕೊನೆಗೆ ಅಪ್ಪ ತಮ್ಮ ಹಳೆಯ ಕರಿಕೋಟನ್ನು ತೊಟ್ಟುಕೊಂಡು, "ನಾನೂ ಬರ್ತೀನಿ. ಕಛೇರಿಯವರ ಹತ್ತಿರ ಮಾತಾಡೋದು ನಿನಗೆ ಬರಲ್ಲ," ಎಂದರು. ತಾಳವಾಡಿ ಹತ್ತಿರ ಅಕ್ಕ ಬಸ್ಸು ಹತ್ತಿಕೊಂಡರು. ದಿಂಬಂ ಘಾಟಿಯ ತಿರುವುಗಳಲ್ಲಿ ಅಪ್ಪನಿಗೆ ವಾಂತಿಯಾಯಿತು. ಅಕ್ಕ ತಮ್ಮ ಮಡಿಲಿನಿಂದ ಒಂದು ನಿಂಬೆಹಣ್ಣು ತೆಗೆದು, "ಮೂಸಿ ಸ್ವಾಮೇರಾ," ಎಂದು ಕೊಟ್ಟರು. ಬೇರೆ ಜಾತಿಯವರ ಕೈಯಿಂದ ನೀರನ್ನೂ ತೆಗೆದುಕೊಳ್ಳದ ನಮ್ಮಪ್ಪ ಘಾಟಿ ಇಳಿಯುವವರೆಗೂ ಅದನ್ನು ಮೂಗಿನ ಬಳಿಯೇ ಹಿಡಿದುಕೊಂಡಿದ್ದರು.

ಅಲ್ಲಿನ ಅಧಿಕಾರಿ ನಮ್ಮ ಅರ್ಜಿಯನ್ನು ನಿಧಾನವಾಗಿ ಓದಿದರು. ಇಷ್ಟು ಚಿಕ್ಕ ಸಂಘಕ್ಕೆ ಇಷ್ಟು ದೊಡ್ಡ ಕಾನೂನು ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು. ಅಪ್ಪ ಗಂಟಲು ಸರಿಮಾಡಿಕೊಂಡರು. ಸಂಸ್ಥಾನದ ಕಛೇರಿಯ ಆ ಹಳೆಯ ವಿನಯದ ಇಂಗ್ಲಿಷಿನಲ್ಲಿ, ಈ ಸಂಘ ರಾಜ್ಯದ ಗಡಿಯನ್ನು ದಾಟಿಹೋದದ್ದಲ್ಲ, ಗಡಿಯೇ ಸಂಘದ ನಡುವೆ ಹಾದುಹೋಗಿದೆ, ಇಂಥವರನ್ನು ಬೇರ್ಪಡಿಸಬೇಕೆಂದು ಆ ಕಾನೂನು ಮಾಡಿದವರ ಉದ್ದೇಶವಿರಲಾರದು ಎಂದರು. ಆ ಸದಸ್ಯರನ್ನು ತೆಗೆದುಹಾಕಿಬಿಡಿ ಎಂದು ನನಗೆ ಬುದ್ಧಿ ಹೇಳಿದವರು ಅವರೇ. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ಅಧಿಕಾರಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹಳ್ಳಿಗೆ ತಮ್ಮ ಇನ್‌ಸ್ಪೆಕ್ಟರನ್ನು ಕಳಿಸಿ ನೋಡುತ್ತೇವೆ ಎಂದರು.

ಕಾಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಇನ್‌ಸ್ಪೆಕ್ಟರು ಹಳ್ಳಿಗೆ ಹೋಗಿಬಂದರೆಂದು ಸುದ್ದಿ ಬಂತು, ಸಾಹುಕಾರನ ಮನೆಯಲ್ಲಿ ಊಟ ಮಾಡಿದರೆಂದೂ ಬಂತು. ಅಷ್ಟು ಸಾಕಾಯಿತು, ಎಲ್ಲ ಮುಗಿಯಿತೆಂದು ನಾವು ಕೂತೆವು. ಇತ್ತ ನಮ್ಮ ಇಲಾಖೆ ನೋಟೀಸಿನ ಗಡುವನ್ನು ಒಮ್ಮೆ ಮುಂದೂಡಿತು, ಇನ್ನೊಮ್ಮೆ ಆಗುವುದಿಲ್ಲವೆಂದಿತು. ಹಳ್ಳಿಯಲ್ಲಿ ಎರಡು ಮನೆಯವರು ಕಾಯಲಾರದೆ ಸಾಹುಕಾರನ ಮಗ್ಗಕ್ಕೆ ಹೋದರು. ಅಕ್ಕ ಅದನ್ನು ಹೇಳುವಾಗ ಅವರ ಹೆಸರೆತ್ತಲಿಲ್ಲ, ಬೈಯಲಿಲ್ಲ. "ಅವರ್ಗೂ ಮಕ್ಕಳವೆ," ಎಂದರು ಅಷ್ಟೇ. ಆಸ್ಪತ್ರೆಯ ಹಾಸಿಗೆಬಟ್ಟೆ ತಡವಾಯಿತು. ಅಧ್ಯಕ್ಷರು ಅಂಗಡಿಯ ಮುಂದೆ ಬಂದು ನಿಂತರೆ ಬೀದಿಯನ್ನು ನೋಡುತ್ತಿದ್ದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನಗೆ ಕೂದಲು ಉದುರತೊಡಗಿತು. ಅಮ್ಮ ಮೆಂತ್ಯ ಅರೆದು ಹಚ್ಚಿದರು.

ಕೊನೆಗೆ, ಗಡುವು ಮುಗಿಯುವ ಮುಂಚೆ, ಕೊಯಮತ್ತೂರಿನಿಂದ ಒಪ್ಪಿಗೆ ಬಂತು. ಪೋಸ್ಟಿನವನು ಬಂದಾಗ ನಾನು ಗಿರಾಕಿಯೊಬ್ಬರಿಗೆ ಪಂಚೆ ಬಿಚ್ಚಿ ತೋರಿಸುತ್ತಿದ್ದೆ. ಓದಿ, ಮತ್ತೆ ಓದಿ, ಅಧ್ಯಕ್ಷರನ್ನು ಕರೆದು ಕನ್ನಡದಲ್ಲಿ ಹೇಳಿದೆ. ಅವರು ಕೈ ಮುಗಿದರು, ನನಗೋ ದೇವರಿಗೋ ತಿಳಿಯಲಿಲ್ಲ. ಆದರೆ ಅದರ ಕೆಳಗೆ ಷರತ್ತುಗಳಿದ್ದವು. ಬಟ್ಟೆ ಯಾವ ರಾಜ್ಯದಲ್ಲಿ ನೇಯ್ದದ್ದೋ ಆ ರಾಜ್ಯ ಕೈಮಗ್ಗದ ಮಾರಾಟಕ್ಕೆ ಕೊಡುವ ರಿಯಾಯಿತಿ ಮಾತ್ರ ಸಿಗುತ್ತದೆ, ಆದ್ದರಿಂದ ಬಟ್ಟೆಗಳಿಗೆ ಬೇರೆ ಬೇರೆ ಮುದ್ರೆ ಒತ್ತಬೇಕು. ಲೆಕ್ಕ ತಪಾಸಣೆಗೆ ಎರಡೂ ಕಡೆಯವರು ಬರಬಹುದು. ನಮ್ಮ ಜೋರು ಮಾತಿನ ಸದಸ್ಯ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಗಿತ್ತು. ಹೊಸ ಆಡಳಿತ ಮಂಡಳಿಗೆ ಗಡಿಯಾಚೆಯಿಂದ ಒಬ್ಬರು ಬೇಕೆಂದಾಗ ಅಕ್ಕನ ಹೆಸರನ್ನು ಹೇಳಿದವನೂ ಅವನೇ. "ಎದ್ದು ನಿಂತು ಮಾತಾಡೋ ಹೆಂಗ್ಸು, ಅವ್ಳೇ ಇರ್ಲಿ," ಎಂದ.

ಸಾಹುಕಾರನ ಮಗ್ಗಕ್ಕೆ ಹೋದ ಎರಡು ಮನೆಗಳಲ್ಲಿ ಒಂದು ಹಿಂದಿರುಗಿತು. ಇನ್ನೊಂದು ಹಿಂದಿರುಗಲಿಲ್ಲ.

ನಾನು ಅಲ್ಲಿ ಇನ್ನೂ ಕೆಲವು ವರ್ಷ ಇದ್ದೆ. ಮೈಸೂರು ರಾಜ್ಯಕ್ಕೆಲ್ಲ ಒಂದೇ ಸಹಕಾರ ಕಾನೂನು ಬರುತ್ತದೆಂದಾಗ ಹಳೆಯ ಭಯವೆಲ್ಲ ಮತ್ತೆ ಎದ್ದು ಬಂತು. ಅದರ ಒಂದೊಂದು ಕಲಮನ್ನೂ ಓದಿ, ನಮ್ಮ ಹಳ್ಳಿಯನ್ನು ಯಾವುದಾದರೂ ಹೊರಗೆ ತಳ್ಳುತ್ತದೆಯೇ ಎಂದು ಹುಡುಕಿದೆ. ತಳ್ಳಲಿಲ್ಲ. ಮುಂದೆ ನನ್ನ ಮದುವೆಯಾಯಿತು, ಮಗುವಾಯಿತು, ಕೆಲಸ ಬಿಟ್ಟೆ. ಅದಕ್ಕೆ ಮುಂಚಿನ ವರ್ಷ ಸಂಘದ ವಾರ್ಷಿಕ ಸಭೆಯನ್ನು ಮೊಟ್ಟಮೊದಲ ಸಲ ಆ ಹಳ್ಳಿಯಲ್ಲಿ ಸೇರಿಸಿದರು. ಊರಿನ ಸದಸ್ಯರೆಲ್ಲ ಒಂದು ಬಸ್ಸು ಗೊತ್ತುಮಾಡಿಕೊಂಡು ಹೋದೆವು. ಏನು ಆಕ್ಷೇಪಣೆ ಏಳುತ್ತದೋ ಎಂದು ನಾನು ಬೆಳಗ್ಗೆ ತಿಂಡಿಯನ್ನೂ ತಿಂದಿರಲಿಲ್ಲ. ಸಭೆ ಅಕ್ಕನ ಮನೆಯ ಮುಂದಿನ ಚಪ್ಪರದಲ್ಲಿ ನಡೆಯಿತು. ಹೊದಿಕೆಯ ಅಂಚಿಗೆ ಕೆಂಪು ಬೇಕೋ ಹಸಿರು ಬೇಕೋ ಎಂಬುದರ ಮೇಲೆ ಮಧ್ಯಾಹ್ನದವರೆಗೂ ಜಗಳವಾಯಿತು. ಹಸಿರು ಬಣ್ಣ ಎರಡು ಒಗೆತಕ್ಕೇ ಹೋಗುತ್ತದೆ ಎಂದು ಹಳ್ಳಿಯವರು, ಕೆಂಪು ಯಾರೂ ಕೊಳ್ಳುವುದಿಲ್ಲ ಎಂದು ಊರಿನವರು. ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲ. ತೀರ್ಮಾನವಾಗದೆಯೇ ಊಟಕ್ಕೆ ಎದ್ದರು. ನನಗೆ ಆಗ ಹಸಿವು ತಿಳಿಯಿತು. ಅಕ್ಕ ನನ್ನ ಎಲೆಗೆ ಮುದ್ದೆ ಹಾಕಿ, ಅವರೆಕಾಳಿನ ಸಾರು ಬಿಟ್ಟು, ಇನ್ನೊಂದು ಮುದ್ದೆ ಹಿಡಿದುಕೊಂಡು ಪಕ್ಕದಲ್ಲೇ ನಿಂತರು.